ಟಾರ್ಚ್ ಹಿಡಿಯೋಕೆ ಒಬ್ಬರು ಬೇಕು

ನಿಮ್ಮ ಪ್ರಶ್ನೆ ಓದಿ ನಗು ಬಂತು. ಹನ್ನೊಂದು ವರ್ಷದ ಹಿಂದೆ ನಾನೂ ಇದನ್ನೇ ಸಿಕ್ಕಸಿಕ್ಕವರನ್ನೆಲ್ಲ ಕೇಳಿದ್ದೆ. "ನಾವಿಬ್ಬರೂ ಪಟ್ಟಣದಲ್ಲಿ ಕೆಲಸ ಮಾಡುತ್ತೇವೆ, ನಾಲ್ಕು ವರ್ಷದ ಮಗು ಇದೆ, ಊರಾಚೆ ಹಳ್ಳಿ ಕಡೆ ಹೋಗಿ ಸಂಸಾರ ಮಾಡಿದರೆ ನಿಜವಾಗಿ ಏನು ಸುಖ? ಹಸಿರು, ತಂಗಾಳಿ ಅಂತ ಮಾತ್ರ ಹೇಳಬೇಡಿ" ಅಂದಿದ್ದೀರಿ. ಸರಿ, ಹೇಳುವುದಿಲ್ಲ. ಹಸಿರಿಗೆ ಒಂದು ತಿಂಗಳಲ್ಲಿ ಕಣ್ಣು ಒಗ್ಗಿಹೋಗುತ್ತದೆ. ಆಮೇಲೆ ಅದು ಮನೆ ಗೋಡೆಯ ಬಣ್ಣ ಇದ್ದ ಹಾಗೆ. ಇದೆ ಅನ್ನೋದೇ ನೆನಪಿರುವುದಿಲ್ಲ.

ನಾವು ಬಂದಾಗ ಮಗಳಿಗೆ ಎಂಟು, ಮಗನಿಗೆ ಐದು. ಜೊತೆಗೆ ನಮ್ಮತ್ತೆ. ಪಟ್ಟಣಕ್ಕೆ ಹದಿನೆಂಟು ಕಿಲೋಮೀಟರ್. ಅಕ್ಕಪಕ್ಕ ಅಂದರೆ ಕೂಗಿದರೆ ಕೇಳಿಸುವ ಒಂದು ಮನೆ, ಕೂಗಿದರೂ ಕೇಳಿಸದ ಎರಡು ಮನೆ. ಇಷ್ಟು ವರ್ಷದಲ್ಲಿ ನನಗೆ ಗೊತ್ತಾದ ಸುಖ ಒಂದೇ: ಇಲ್ಲಿ ಮನೆಯವರು ಒಬ್ಬರಿಗೊಬ್ಬರು ಬೇಕಾಗುತ್ತಾರೆ. ಪ್ರೀತಿ ಗೀತಿ ಎಲ್ಲ ಪಟ್ಟಣದಲ್ಲೂ ಇತ್ತು. ನಾನು ಹೇಳುತ್ತಿರುವುದು ಕೆಲಸಕ್ಕೆ ಬೇಕಾಗುವ ಮಾತು.

ಒಂದು ರಾತ್ರಿಯ ಕಥೆ ಹೇಳಿಬಿಡುತ್ತೇನೆ, ಅರ್ಥ ಆಗುತ್ತದೆ.

ಬಂದ ಹೊಸತು. ನಮ್ಮವರು ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ರಾತ್ರಿ ಎಂಟೂವರೆಗೆ ನಲ್ಲಿಯಲ್ಲಿ ನೀರು ನಿಂತುಹೋಯಿತು. ಟ್ಯಾಂಕ್ ಖಾಲಿ. ಮೋಟಾರು ಹಾಕಿದರೆ ಗುಂಯ್ ಅಂತ ಓಡುತ್ತದೆ, ನೀರು ಮಾತ್ರ ಬರುವುದಿಲ್ಲ. ಪಟ್ಟಣದಲ್ಲಾಗಿದ್ದರೆ ಪ್ಲಂಬರ್‌ಗೆ ಫೋನ್ ಮಾಡಿ ಟಿವಿ ಮುಂದೆ ಕೂರುತ್ತಿದ್ದೆ. ಇಲ್ಲಿ ರಿಪೇರಿಯವನು "ಈಗ ಬರೋಕಾಗಲ್ಲ ಅಕ್ಕಾ, ಗಾಳಿ ಹಿಡಿದಿರುತ್ತೆ, ನೀವೇ ಮಾಡಬಹುದು" ಅಂತ ಫೋನಲ್ಲೇ ಪಾಠ ಮಾಡಿದ.

ನಮ್ಮದು ಬಾವಿಯ ಪಕ್ಕ, ನೆಲದ ಮೇಲೆ ಕೂರಿಸಿದ ಮೋಟಾರು. ಅದು ನೀರು ಎಳೆಯುತ್ತದೆ ಅಂತ ನಾವು ಹೇಳುತ್ತೇವೆ. ಅಸಲಿಗೆ ಅದು ಪೈಪಿನೊಳಗೆ ಒತ್ತಡ ಕಡಿಮೆ ಮಾಡುತ್ತದೆ ಅಷ್ಟೇ, ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿ. ಗಾಳಿಗೆ ಇರುವ ಶಕ್ತಿಯೂ ಇಷ್ಟೇ: ಲೆಕ್ಕದಲ್ಲಿ 10 ಮೀಟರ್ ಚಿಲ್ಲರೆ, ಬಳಕೆಯಲ್ಲಿ ಏಳೆಂಟು ಮೀಟರ್. ಅದಕ್ಕಿಂತ ಆಳದಲ್ಲಿ ನೀರಿದ್ದರೆ ಮೋಟಾರನ್ನೇ ಕೆಳಗಿಳಿಸಬೇಕು. ಪೈಪಿನ ತುದಿಯಲ್ಲಿ ಒಂದು ಫುಟ್‌ವಾಲ್ವ್ ಇರುತ್ತದೆ. ನೀರನ್ನು ಹತ್ತಲು ಬಿಡುತ್ತದೆ, ಇಳಿಯಲು ಬಿಡುವುದಿಲ್ಲ. ಅದರ ಬಾಯಿಗೆ ಒಂದು ಎಲೆ ಸಿಕ್ಕಿಕೊಂಡರೆ ಸಾಕು. ಪೈಪಿನ ನೀರೆಲ್ಲ ವಾಪಸು ಬಾವಿಗೆ. ಮೋಟಾರು ಸುಮ್ನೆ ಗಾಳಿ ತಿರುಗಿಸುತ್ತಾ ಕೂರುತ್ತದೆ.

ಮೈನ್ ಸ್ವಿಚ್ ಆಫ್ ಮಾಡಿ ಹೊರಟೆವು. ಮಗಳ ಕೈಯಲ್ಲಿ ಟಾರ್ಚು, ಮಗನ ಕೈಯಲ್ಲಿ ಚೊಂಬು, ಬಚ್ಚಲಲ್ಲಿ ತುಂಬಿಟ್ಟಿದ್ದ ಎರಡು ಬಕೆಟ್ ನೀರು. ಅತ್ತೆ ಜಗಲಿಯಿಂದಲೇ "ಮಗೂನ ಬಾವಿ ಹತ್ತಿರ ಬಿಡಬೇಡ ಕಣೇ" ಅಂತ ಕೂಗುತ್ತಿದ್ದರು. ಮೋಟಾರಿನ ತಲೆಯ ಮೇಲೆ ನೀರು ತುಂಬುವುದಕ್ಕೆ ಒಂದು ನಟ್ಟು ಇರುತ್ತದೆ. ತುಕ್ಕು ಹಿಡಿದಿತ್ತು. ಸ್ಪ್ಯಾನರ್ ಹಾಕಿ ತಿರುಗಿಸುವಾಗ ಬೆಳಕು ಎಲ್ಲೋ ಹೋಗುತ್ತಿತ್ತು. ನೋಡಿದರೆ ಇವಳು ಕಟ್ಟೆ ಮೇಲೆ ಕೂತಿದ್ದ ಕಪ್ಪೆಗೆ ಟಾರ್ಚ್ ಬಿಟ್ಟಿದ್ದಾಳೆ. "ಕಪ್ಪೆಗಲ್ಲ, ನಟ್ಟಿಗೆ ಬಿಡೇ!" ಅಂದೆ. ಪೈಪನ್ನು ನಾಲ್ಕು ಸಲ ಜೋರಾಗಿ ಅಲ್ಲಾಡಿಸಿದೆ. ಮಗ ಒಂದೊಂದೇ ಚೊಂಬು ಸುರಿದ. ಮೊದಲ ಬಕೆಟ್ ನೀರು ಗುಳುಗುಳು ಅಂತ ಇಳಿದೇ ಹೋಯಿತು. ಎರಡನೇದು ಅರ್ಧ ಆದಾಗ ಇಳಿಯುವುದು ನಿಂತಿತು. ತೂತಿನ ಬಾಯಿ ತನಕ ನೀರು ಬಂದು, ಟಾರ್ಚ್ ಬೆಳಕಿಗೆ ಸಣ್ಣಗೆ ನಡುಗುತ್ತಾ ನಿಂತಿತು. ಎಲೆ ಬಿಟ್ಟುಕೊಂಡಿತ್ತು. ನಟ್ಟು ಬಿಗಿದು ಸ್ವಿಚ್ ಹಾಕಿದೆ. ಮೇಲೆ ಟ್ಯಾಂಕಿಗೆ ನೀರು ದೊಬದೊಬ ಬಿದ್ದ ಸದ್ದಿಗೆ ಇಬ್ಬರೂ ಕುಣಿದಾಡಿಬಿಟ್ಟರು.

ಸೋಮವಾರ ಶಾಲೆಗೆ ಹೋಗಿ ಮಗ "ನಾನು ಮೋಟಾರು ರಿಪೇರಿ ಮಾಡಿದೆ" ಅಂತ ಹೇಳಿಕೊಂಡು ಬಂದ. ಸುಳ್ಳೇನೂ ಅಲ್ಲವಲ್ಲ. ಐದು ವರ್ಷದ ಹುಡುಗ ನೀರು ಸುರಿಯದೆ ಹೋಗಿದ್ದರೆ ನನಗೆ ಮೂರನೇ ಕೈ ಎಲ್ಲಿತ್ತು? ಪಟ್ಟಣದ ಮನೆಯಲ್ಲಿ ಅವನಿಗೆ ನಾವು ಕೊಡುತ್ತಿದ್ದ ಕೆಲಸ ಒಂದೇ, ಆಟದ ಸಾಮಾನು ಎತ್ತಿಡುವುದು. ಅದು ಕೆಲಸ ಅಲ್ಲ ಅಂತ ಅವನಿಗೂ ಗೊತ್ತಿತ್ತು. ಈಗ ಅವನಿಗೆ ಹದಿನಾರು. ಸ್ಪ್ಯಾನರ್ ಅವನ ಕೈಗೆ ಹೋಗಿದೆ, ಟಾರ್ಚು ನನ್ನ ಕೈಗೆ ಬಂದಿದೆ. ನಾನೂ ಕೆಲವು ಸಲ ಕಪ್ಪೆ ನೋಡುತ್ತೇನೆ, ಬೈಸಿಕೊಳ್ಳುತ್ತೇನೆ.

ಅದೇ ಟಾರ್ಚಿನಿಂದ ಇನ್ನೊಂದು ಕಲಿತೆವು. ಮಗಳು ಹಟ ಮಾಡಿ ಕೋಳಿ ಸಾಕಿದಳು. ಒಂದು ಕೋಳಿ ಕಾವಿಗೆ ಕೂತಿತು, ಹತ್ತು ಮೊಟ್ಟೆ. ಮರಿ ಆಗೋಕೆ 21 ದಿನ. ಅಷ್ಟು ದಿನ ಕಾಯುವುದು ಮಕ್ಕಳಿಗೆ ಸಣ್ಣ ಶಿಕ್ಷೆಯಲ್ಲ. ಆದರೆ ಒಳಗೆ ಏನಾಗುತ್ತಿದೆ ಅಂತ ನೋಡುವ ಉಪಾಯ ಒಂದಿದೆ. ಏಳನೇ ದಿನದ ಸುಮಾರಿಗೆ, ಕತ್ತಲೆ ಕೋಣೆಯಲ್ಲಿ ಮೊಟ್ಟೆಯ ಅಗಲವಾದ ಬುಡಕ್ಕೆ ಟಾರ್ಚ್ ಒತ್ತಿ ಹಿಡಿಯಬೇಕು. ಜೀವ ಇಲ್ಲದ ಮೊಟ್ಟೆ ದೀಪದ ಬುರುಡೆ ಹಾಗೆ ಖಾಲಿಯಾಗಿ ಹೊಳೆಯುತ್ತದೆ. ಜೀವ ಇದ್ದರೆ ನಡುವೆ ಒಂದು ಕಪ್ಪು ಚುಕ್ಕಿ, ಅದರಿಂದ ಎಲ್ಲ ಕಡೆಗೂ ಹರಡಿದ ಕೆಂಪು ನರ, ಥೇಟ್ ಜೇಡದ ಹಾಗೆ. ಸ್ವಲ್ಪ ಹೊತ್ತು ಅಲ್ಲಾಡಿಸದೆ ಹಿಡಿದರೆ ಆ ಚುಕ್ಕಿ ಮಿಸುಕಾಡುವುದೂ ಕಾಣುತ್ತದೆ. ಅದು ಮಿಸುಕಿದ್ದು ನೋಡಿ ನಾವು ಐದೂ ಜನ, ಅತ್ತೆಯೂ ಸೇರಿ, ಉಸಿರು ಬಿಗಿಹಿಡಿದು ನಿಂತಿದ್ದೆವು. ಫೋನಲ್ಲಿ ಇದನ್ನೇ ಇನ್ನೂ ಚೆನ್ನಾಗಿ ನೋಡಬಹುದು, ನಿಜ. ಆದರೆ ಫೋನಲ್ಲಿ ಮೊಟ್ಟೆ ಬೆಚ್ಚಗಿರುವುದಿಲ್ಲ.

ಹತ್ತರಲ್ಲಿ ಆರು ಮರಿ ಆದವು. ಕೊನೆಯ ದಿನ ಮಗ ಪಟ್ಟ ಪಾಡು ಹೇಳತೀರದು. ಚಿಪ್ಪಿನಲ್ಲಿ ಸಣ್ಣ ತೂತು ಬಿದ್ದಿದೆ, ಒಳಗಿಂದ ಚಿಂವ್ ಅನ್ನುತ್ತಿದೆ, ಗಂಟೆಗಟ್ಟಲೆ ಮುಂದೆ ಏನೂ ಇಲ್ಲ. "ಸುಲಿದು ಬಿಡ್ತೀನಿ ಅಮ್ಮಾ" ಅಂತ ಅಳು. ಸುಲಿಯಬಾರದು. ಮೊದಲ ತೂತಿನಿಂದ ಹೊರಗೆ ಬರುವವರೆಗೆ ಮರಿಗೆ ಅರ್ಧ ದಿನ, ಒಂದು ದಿನವೂ ಹಿಡಿಯಬಹುದು. ಆ ಹೊತ್ತಿನಲ್ಲಿ ಚಿಪ್ಪಿನ ಒಳಪೊರೆಯ ರಕ್ತ ಮರಿಯ ಮೈಗೆ ಸೇರುತ್ತಿರುತ್ತದೆ, ಉಳಿದ ಹಳದಿ ಹೊಟ್ಟೆಯೊಳಗೆ ಹೋಗುತ್ತಿರುತ್ತದೆ. ಅವಸರದಲ್ಲಿ ಸುಲಿದರೆ ರಕ್ತ ಹರಿದು ಸಾಯಬಹುದು. "ಬಿಡೋ, ಅದರ ಕೆಲಸ ಅದು ಮಾಡ್ಲಿ" ಅಂತ ಅತ್ತೆ ಅವನ ಕೈ ಹಿಡಿದುಕೊಂಡೇ ಕೂತರು. ಅಜ್ಜಿ, ಮೊಮ್ಮಗ ಅಷ್ಟು ಹೊತ್ತು ಒಂದೇ ಕಡೆ ಕೂತಿದ್ದು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಇನ್ನು ರಾತ್ರಿ. ಕರೆಂಟ್ ಹೋಗುತ್ತದೆ ಅಂತ ಮೊದಲು ಬೈದುಕೊಳ್ಳುತ್ತಿದ್ದೆ. ಈಗ ಕೆಲವು ಸಲ ನಾವೇ ಲೈಟ್ ಆರಿಸಿ ಅಂಗಳದಲ್ಲಿ ಚಾಪೆ ಹಾಕುತ್ತೇವೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ನಡುವೆ ಯಾರಾದರೂ ಫೋನ್ ತೆಗೆದರೆ ಮತ್ತೆ ಮೊದಲಿಂದ ಶುರು. ಹಾಗಾಗಿ ಫೋನ್ ಮುಟ್ಟಿದವರಿಗೆ ಎಲ್ಲರಿಂದಲೂ ಬೈಗುಳ. ಮಗಳು ಟಾರ್ಚಿನ ಬಾಯಿಗೆ ಕೆಂಪು ಜಿಲೇಟಿನ್ ಪೇಪರ್ ಕಟ್ಟಿದಳು. ಮಂದ ಕೆಂಪು ಬೆಳಕಿಗೆ ಕತ್ತಲೆಯ ನೋಟ ಅಷ್ಟಾಗಿ ಕೆಡುವುದಿಲ್ಲ. ಬಾಹ್ಯಾಕಾಶ ನಿಲ್ದಾಣ ಹಾದುಹೋಗುವ ಹೊತ್ತು ಮೊದಲೇ ನೋಡಿಟ್ಟುಕೊಂಡಿರುತ್ತೇವೆ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುತ್ತದೆ. ಮಿಣುಕದ ನಕ್ಷತ್ರದ ಹಾಗೆ ಸರಸರ ನಡೆದು, ಭೂಮಿಯ ನೆರಳಿಗೆ ಹೋದ ಕೂಡಲೇ ಮಾಯ. ಬೆಳದಿಂಗಳಿಲ್ಲದ ರಾತ್ರಿ ಆಂಡ್ರೊಮಿಡಾ ಗ್ಯಾಲಕ್ಸಿ ಕೂಡ ಬರಿಗಣ್ಣಿಗೆ ಸಿಗುತ್ತದೆ, ಒಂದು ಮಸುಕು ಮಚ್ಚೆ ಅಷ್ಟೇ. ಅದರ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷ ಆಗಿದೆ ಅಂದಾಗ ಅತ್ತೆ "ಹಂಗಾದ್ರೆ ಈಗ ಅದು ಇದೆಯೋ ಇಲ್ವೋ?" ಅಂದರು. ಅದಕ್ಕಿಂತ ಒಳ್ಳೆಯ ಪ್ರಶ್ನೆ ಮಕ್ಕಳೂ ಕೇಳಿರಲಿಲ್ಲ.

ಆ ಇಪ್ಪತ್ತು ನಿಮಿಷ ಕಣ್ಣು ಹೊಂದಿಕೊಳ್ಳುವ ತನಕ ಮಾಡುವುದಕ್ಕೆ ಬೇರೆ ಏನೂ ಇರುವುದಿಲ್ಲ ನೋಡಿ, ಮಾತು ಬರುತ್ತದೆ. ಮುಖ ಕಾಣದಿದ್ದಾಗ ಹದಿನೈದರ ಹುಡುಗರೂ ಮಾತಾಡುತ್ತಾರೆ. ಪಟ್ಟಣಕ್ಕೆ ಹೋಗಿಬರುವ ಕಾರಿನಲ್ಲೂ ಹೀಗೇ. ನಾನು ರಸ್ತೆ ನೋಡುತ್ತಿರುತ್ತೇನೆ, ಅವರು ಕಿಟಕಿ ನೋಡುತ್ತಿರುತ್ತಾರೆ. ಮಗಳು ಪರೀಕ್ಷೆಯಲ್ಲಿ ಫೇಲಾಗಿದ್ದನ್ನು ಹೇಳಿದ್ದು ಕಾರಿನಲ್ಲೇ.

ಗುಡುಗು ಬಂದಾಗ ಎಣಿಸುವ ಆಟವೂ ಇದೆ. ಮಿಂಚು ಕಂಡಲ್ಲಿಂದ ಸದ್ದು ಕೇಳುವ ತನಕ ಎಷ್ಟು ಸೆಕೆಂಡೋ ಅದನ್ನು ಮೂರರಿಂದ ಭಾಗಿಸಿದರೆ ಕಿಲೋಮೀಟರ್. ಮೂವತ್ತಕ್ಕಿಂತ ಕಡಿಮೆ ಎಣಿಕೆ ಬಂದರೆ ಎಲ್ಲಿದ್ದರೂ ಒಳಗೆ ಓಡಬೇಕು, ಕೊನೆಯ ಗುಡುಗಾಗಿ ಅರ್ಧ ಗಂಟೆ ಹೊರಗೆ ಬರುವ ಹಾಗಿಲ್ಲ. ಮಗ ಭಾಗಾಕಾರ ಕಲಿತಿದ್ದು ಶಾಲೆಗಿಂತ ಜಾಸ್ತಿ ಇದರಲ್ಲೇ.

ಎಲ್ಲ ಜೇನುತುಪ್ಪ ಅಂದುಕೊಳ್ಳಬೇಡಿ. ಮಗನಿಗೆ ಏಳು ವರ್ಷ ಇದ್ದಾಗ ಒಂದು ನಡುರಾತ್ರಿ ಜ್ವರ ಏರಿತು. ಆಸ್ಪತ್ರೆಗೆ ಹದಿನೆಂಟು ಕಿಲೋಮೀಟರ್, ಹೊರಗೆ ಮಳೆ. ಅವತ್ತು ಈ ಮನೆಗೆ ಬಂದಿದ್ದೇ ತಪ್ಪು ಅನ್ನಿಸಿತ್ತು. ಮಗಳಿಗೆ ಹದಿಮೂರು, ಹದಿನಾಲ್ಕರಲ್ಲಿ ಗೆಳತಿಯರೆಲ್ಲ ಪಟ್ಟಣದಲ್ಲಿ. ಸಂಜೆ ಅವರೆಲ್ಲ ಸೇರಿದ ಫೋಟೋ ನೋಡಿಕೊಂಡು ಇವಳು ಇಲ್ಲಿ ಕೂತಿರುತ್ತಿದ್ದಳು. "ನಿಮಗೆ ಬೇಕಿತ್ತು ಅಂತ ನನ್ನನ್ನ ಇಲ್ಲಿ ತಂದು ಹಾಕಿದ್ರಿ" ಅಂತ ಒಮ್ಮೆ ಮುಖಕ್ಕೇ ಹೇಳಿದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ವಾರಕ್ಕೆರಡು ದಿನ ಅವಳನ್ನು ಅಲ್ಲಿ ಬಿಟ್ಟು ಕಾಯುವುದು ಅಂತ ಒಪ್ಪಂದ ಮಾಡಿಕೊಂಡೆವು. ಆಮೇಲೆ ಗಂಡ-ಹೆಂಡತಿ ಇಬ್ಬರಲ್ಲಿ ಒಬ್ಬರು ಮಾತ್ರ ದಿನಾ ಪಟ್ಟಣಕ್ಕೆ ಹೋಗುವಂತಾದರೆ, ಮನೆಯಲ್ಲಿ ಉಳಿದವರ ತಲೆಗೆ ಎಲ್ಲ ಬೀಳುತ್ತದೆ. ಇದನ್ನು ಬರುವ ಮುಂಚೆಯೇ ಜಗಳ ಆಡಿ ಮುಗಿಸಿಕೊಳ್ಳಿ. ನಾವು ಬಂದ ಮೇಲೆ ಆಡಿದೆವು, ಎರಡು ವರ್ಷ.

ಸಣ್ಣಪುಟ್ಟದ್ದೂ ಇವೆ. ಸೆಪ್ಟಿಕ್ ಟ್ಯಾಂಕಿಗೆ ಸೇರುವ ಟಾಯ್ಲೆಟ್ಟಿಗೆ ಆಸಿಡ್, ಬ್ಲೀಚ್ ಸುರಿದು ತಿಕ್ಕುವ ಅಭ್ಯಾಸ ಬಿಡಬೇಕು. ಟ್ಯಾಂಕಿನೊಳಗೆ ಕೊಳೆಸುವ ಬ್ಯಾಕ್ಟೀರಿಯಾ ಸತ್ತರೆ ಟ್ಯಾಂಕ್ ಬೇಗ ತುಂಬುತ್ತದೆ. ಕಾಳು ಚೆಲ್ಲಿದರೆ ಇಲಿ, ಇಲಿ ಬಂದರೆ ಹಿಂದೆಯೇ ಹಾವು. ಸೌದೆ ರಾಶಿಯನ್ನು ಮನೆ ಗೋಡೆಗೆ ಒರಗಿಸಬೇಡಿ. ಅಂಗಳದಲ್ಲಿ ರಾತ್ರಿಯಿಡೀ ದೊಡ್ಡ ಬಲ್ಬ್ ಉರಿಸುತ್ತಿದ್ದೆವು, ಹೆದರಿಕೆಗೆ. ಅದನ್ನು ಆರಿಸಿದ ಮೇಲೇ ಬೇಲಿಯ ಹತ್ತಿರ ಮಿಂಚುಹುಳ ಕಂಡಿದ್ದು. ಅವು ಜೋಡಿ ಹುಡುಕುವುದೇ ಮಿಣುಕಿ, ನಮ್ಮ ಬಲ್ಬಿನ ಮುಂದೆ ಪಾಪ ಅವುಗಳ ಸನ್ನೆ ಯಾರಿಗೆ ಕಾಣಬೇಕು?

ನಿಮ್ಮ ಮಗುವಿಗೆ ನಾಲ್ಕು ಅಂದಿರಿ. ಒಳ್ಳೆ ವಯಸ್ಸು, ಚೊಂಬು ಹಿಡಿಯೋಕೆ ಬರುತ್ತದೆ. ಆದರೆ ಜಾಗ ಕೊಳ್ಳುವ ಮುಂಚೆ ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ಮನೆ ನೋಡೋಕೆ ಬೇಸಿಗೆ ಕೊನೆಯಲ್ಲಿ ಹೋಗಿ, ಬಾವಿ ಆಗ ಸುಳ್ಳು ಹೇಳುವುದಿಲ್ಲ. ಇನ್ನೊಂದು ಸಲ ಜೋರು ಮಳೆಯಲ್ಲಿ, ಇನ್ನೊಂದು ಸಲ ರಾತ್ರಿ ಹತ್ತಕ್ಕೆ ಹೋಗಿ. ಅಲ್ಲಿಂದ ಆಸ್ಪತ್ರೆಗೆ ಒಮ್ಮೆ ಗಾಡಿ ಓಡಿಸಿ, ಗಡಿಯಾರ ನೋಡಿಕೊಳ್ಳಿ. ರಾತ್ರಿ ಹೋಗುವಾಗ ಮಗುವನ್ನೂ ಕರ್ಕೊಂಡು ಹೋಗಿ, ಟಾರ್ಚು ಅದರ ಕೈಗೇ ಕೊಡಿ, ಎಲ್ಲೆಲ್ಲಿ ಬಿಡುತ್ತೆ ನೋಡಿ. ಬಾವಿ ಹತ್ತಿರ ಮಾತ್ರ ಇನ್ನೊಂದು ಕೈ ಬಿಡಬೇಡಿ.