ರೆನೈಸಾನ್ಸ್ (15-16ನೇ ಶತಮಾನದ ಇಟಲಿಯ) ಕಲಾವಿದರು ರೋಮ್‌ನ ಹಳೇ ಕಲ್ಲುಗಳನ್ನು ಕಾಪಿ ಮಾಡುತ್ತ ಕೂತಿದ್ದು ಯಾಕೆ?

"ಸ್ವಂತ ಕಲ್ಪನೆ ಇರಲಿಲ್ವಾ?" ಅಂತಲೂ ಕೇಳಿದ್ದೀರಿ. ಆರ್ಕಿಟೆಕ್ಚರ್ ಓದುವಾಗ ನಾನೂ ಹೀಗೇ ಗೊಣಗುತ್ತ, ಟೇಪ್ ಹಿಡಿದು ಹಳೇ ಕಟ್ಟಡ ಅಳೆದವಳು. ಕಾರ್ನಿಸ್, ಅಂದರೆ ಕಟ್ಟಡದ ಮೇಲಂಚಿನಲ್ಲಿ ಹೊರಚಾಚಿದ ಕೆತ್ತನೆಯ ಪಟ್ಟಿ, ದೂರದಿಂದ ನಾಲ್ಕು ಗೆರೆ, ಅಷ್ಟೇ. ಎಲ್ಲಿ ಉಬ್ಬಿದೆ, ಎಲ್ಲಿ ಒಳಕ್ಕೆ ಸರಿದಿದೆ ಅನ್ನುವುದು ಕಣ್ಣಿಗೆ ಬೀಳುವುದೇ ಪೆನ್ಸಿಲ್ ಹಿಡಿದ ಮೇಲೆ.

ಕೋಡೆಕ್ಸ್ ಕೋನರ್ ಅನ್ನುವ, ರೋಮ್‌ನ ಕಟ್ಟಡಗಳ ಡ್ರಾಯಿಂಗ್ ಪುಸ್ತಕ ಇದೆ. ಬರೆದವನು ಫ್ಲಾರೆನ್ಸ್‌ನ ಬರ್ನಾರ್ಡೊ ದೆಲ್ಲಾ ವೊಲ್ಪಾಯಾ, 1513-15ರ ಸುಮಾರಿಗೆ. ಈಗ ಲಂಡನ್‌ನ ಸರ್ ಜಾನ್ ಸೋನ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಕಾರ್ನಿಸನ್ನು ಗರಗಸದಿಂದ ಕೊಯ್ದ ಹಾಗೆ ತೋರಿಸಿದ್ದಾನೆ. ಕೊಯ್ದ ಅಂಚಿನಿಂದ ಎಲೆಗಳ ಸಾಲು, ಹಲ್ಲಿನಂಥ ಸಾಲು, ಮೊಟ್ಟೆಯಾಕಾರದ ಸಾಲು ಓರೆಯಾಗಿ ಹಿಂದಕ್ಕೆ ಹೋಗುತ್ತವೆ. ಪಕ್ಕದಲ್ಲಿ ಫ್ಲಾರೆನ್ಸ್‌ನ ಬ್ರಾಚ್ಚೊ ಲೆಕ್ಕದಲ್ಲಿ ಅಳತೆ. ಒಂದು ಬ್ರಾಚ್ಚೊ ಅಂದರೆ ಸುಮಾರು 58 ಸೆಂಟಿಮೀಟರ್.

ಈ ಹಾಳೆಗಳನ್ನು ನೋಡಿಕೊಂಡು ಕೆಂಪು ಚಾಕ್‌ನಲ್ಲಿ ಕಾಪಿ ಮಾಡಿದ್ದು ಯಾರು ಗೊತ್ತಾ? ಮೈಕೆಲಾಂಜೆಲೊ. ಕಾಪಿಯ ಕಾಪಿ! ಆಗ ಅವನಿಗೆ 40 ದಾಟಿತ್ತು, ಸಿಸ್ಟೈನ್ ಚಾಪೆಲ್ ಚಾವಣಿ ಮುಗಿಸಿ ಹೆಸರು ಮಾಡಿದ್ದ. ಆದರೆ ಕಟ್ಟಡದ ಕೆಲಸಕ್ಕೆ ಹೊಸಬ. ಫ್ಲಾರೆನ್ಸ್‌ನ ಸಾನ್ ಲೊರೆಂಜೊ ಚರ್ಚಿನ ಮುಂಭಾಗದ ಕೆಲಸ ಕೈಗೆ ಬಂದಿತ್ತು. ಬರ್ನಾರ್ಡೊ ಕಷ್ಟಪಟ್ಟು ಬರೆದ ಅಂಕಿಗಳನ್ನು ಇವನು ಸುಮ್ನೆ ಬಿಟ್ಟುಬಿಟ್ಟ. ಬೇಕಿದ್ದದ್ದು ಆಕಾರ ಮಾತ್ರ. ಮುಂದೆ ಅದೇ ಚರ್ಚಿನ ಲೈಬ್ರರಿ ಕಟ್ಟುವಾಗ ಕಂಬಗಳನ್ನು ಗೋಡೆಯೊಳಗೆ ಹುದುಗಿಸಿ ರೋಮನ್ ಪದ್ಧತಿಯನ್ನೇ ತಲೆಕೆಳಗು ಮಾಡಿದ. ಕಲ್ಪನೆ ಇಲ್ಲದವರ ಕೆಲಸವಾ ಇದು?

ಇನ್ನೊಂದು ಉದಾಹರಣೆ, ರೋಮ್‌ನ ಫೋರಂನಲ್ಲಿರುವ (ಪುರಾತನ ಕಾಲದ ಸಾರ್ವಜನಿಕ ಚೌಕ) ವೆಸ್ಪಾಸಿಯನ್ ಚಕ್ರವರ್ತಿಯ ದೇವಾಲಯ. ಉಳಿದಿರುವುದು ಮೂರೇ ಕಂಬ. ಮೇಲಿನ ಪಟ್ಟಿಯಲ್ಲಿ ಎತ್ತಿನ ತಲೆಬುರುಡೆ, ಹೂಜಿ, ಚಾಕು, ಕೊಡಲಿ, ಎಲ್ಲ ಬಲಿಯ ಸಾಮಾನು. ಇವತ್ತು ಕತ್ತೆತ್ತಿ ನೋಡಬೇಕು. ಆಗ ಕಂಬಗಳು ಬಹುಪಾಲು ಮಣ್ಣಿನಲ್ಲಿ ಹೂತಿದ್ದವು. ಹಾಗಾಗಿ ಕಲಾವಿದರಿಗೆ ಈ ಕೆತ್ತನೆ ಹೆಚ್ಚು ಹತ್ತಿರದಲ್ಲೇ ಸಿಗುತ್ತಿತ್ತು. ಆ ಮಣ್ಣನ್ನು ತೆಗೆದದ್ದು 19ನೇ ಶತಮಾನದಲ್ಲಿ.

ಹಾಗಂತ ಇವರ ಡ್ರಾಯಿಂಗನ್ನು ಫೋಟೋ ಥರ ನಂಬಬೇಡಿ. ಮುರಿದದ್ದನ್ನು ಪೂರ್ತಿ ಮಾಡಿ ಬರೆಯುವ ಚಾಳಿ ಅವರಲ್ಲಿ ಜಾಸ್ತಿ.

ಅವಸರವೂ ಇತ್ತು ಅನ್ನಿ. ಒಂದು ಕಡೆ ಇವರು ಅಳೆಯುತ್ತಿದ್ದರೆ, ಇನ್ನೊಂದು ಕಡೆ ಬೇರೆಯವರು ಅದೇ ಅಮೃತಶಿಲೆಯನ್ನು ಭಟ್ಟಿಗೆ ಹಾಕಿ ಸುಣ್ಣ ಸುಡುತ್ತಿದ್ದರು. ನೆರ್ವಾ ಫೋರಂನ ಮಿನರ್ವಾ ದೇವಾಲಯ 16ನೇ ಶತಮಾನದ ಕಲಾವಿದರು ಬರೆದುಕೊಳ್ಳುವಾಗ ಇನ್ನೂ ನಿಂತಿತ್ತು. 1606ರಲ್ಲಿ ಪೋಪ್ ಐದನೇ ಪಾಲ್ ಅದನ್ನು ಕೆಡವಿಸಿದ. ಕಲ್ಲು ಹೋಗಿದ್ದು ರೋಮ್‌ನದೇ ಜಾನಿಕುಲಂ ಗುಡ್ಡದ ಮೇಲಿನ ಒಂದು ಕಾರಂಜಿಗೆ.