ಬೆಳಕಿನಲ್ಲಿ ಗ್ಯಾಂಗ್ ಕಂಡೆನ್ಸರ್ ಎಲ್ಲಿದೆ?

ಪ್ರಶ್ನೆ: ಉಡುಪಿಯಲ್ಲಿ ಮೂವತ್ತು ವರ್ಷ ರೇಡಿಯೊ ರಿಪೇರಿ ಮಾಡಿದ್ದೇನೆ. ಸ್ಟೇಷನ್ ಬದಲಿಸುವ ಬಿಡಿಭಾಗವಾದ ಗ್ಯಾಂಗ್ ಕಂಡೆನ್ಸರ್ ತಿರುಗಿಸಿ ಮಂಗಳೂರು ಆಕಾಶವಾಣಿಯ 1089 ಕಿಲೋಹರ್ಟ್ಸ್ ಹಿಡಿಯುವುದು ಗೊತ್ತು. ಮಣಿಪಾಲದಲ್ಲಿ ಓದುತ್ತಿರುವ ಮಗಳು ಲೇಸರ್ ಬಳಸಿ ಮೈಕ್ರೊವೇವ್ ಫಿಲ್ಟರ್ (ಬೇಕಾದ ಆವರ್ತನವನ್ನು ಮಾತ್ರ ಬಿಡುವ ಸಾಧನ) ಮಾಡುವ ಪ್ರಾಜೆಕ್ಟ್ ಹಿಡಿದಿದ್ದಾಳೆ. ಅದರಲ್ಲಿ ಟ್ಯೂನ್ ಮಾಡುವ ಗುಂಡಿ ಎಲ್ಲಿರುತ್ತದೆ?
— ಓದುಗರು, ಉಡುಪಿ

ಉತ್ತರ: ಗುಂಡಿ ಲೇಸರ್‌ನ ಒಳಗೇ ಇದೆ. ಮೈಕ್ರೊವೇವ್ ಆವರ್ತನವಾದ 10 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಮೂರೇ ಸೆಂಟಿಮೀಟರ್. ಬೆಸುಗೆ ಹಾಕಿದ ತಂತಿಯ ತುಂಡೇ ಅಲ್ಲಿ ಕಾಯಿಲ್ ಆಗಿಬಿಡುತ್ತದೆ. ನಿಮ್ಮ ಗ್ಯಾಂಗ್ ಅಲ್ಲಿ ಕೈಕೊಡುತ್ತದೆ. ಬೆಳಕಿಗೆ ಈ ತೊಂದರೆಯಿಲ್ಲ. ಫೈಬರ್‌ನಲ್ಲಿ ಬಳಸುವ 1550 ನ್ಯಾನೊಮೀಟರ್ ಬೆಳಕಿನ ಆವರ್ತನ ಸುಮಾರು 193 ಟೆರಾಹರ್ಟ್ಸ್. ಅದರ ಮುಂದೆ 10 ಗಿಗಾಹರ್ಟ್ಸ್ ಎಂದರೆ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಬೆಳಕಿನ ಆವರ್ತನವನ್ನು ಕೂದಲೆಳೆಯಷ್ಟು ಸರಿಸಿದರೂ ಮೈಕ್ರೊವೇವ್ ಕಡೆ ಅದು ದೊಡ್ಡ ಜಿಗಿತ.

ನನಗೆ ಅತಿ ಇಷ್ಟವಾದ ವಿಧಾನವನ್ನೇ ಹೇಳುತ್ತೇನೆ. ಮೊದಲ ಲೇಸರ್‌ನ ಬೆಳಕಿಗೆ ಫೇಸ್ ಮಾಡ್ಯುಲೇಟರ್ (ಬೆಳಕಿನ ಅಲೆಯನ್ನು ತುಸು ಹಿಂದೆ ಮುಂದೆ ಸರಿಸುವ ಸಾಧನ) ಮೂಲಕ ಮೈಕ್ರೊವೇವ್ ಸಂಕೇತವನ್ನು ಹೇರುತ್ತಾರೆ. ಬೆಳಕಿನ ಆವರ್ತನದ ಎರಡೂ ಪಕ್ಕಗಳಲ್ಲಿ ಒಂದೊಂದು ಹೊಸ ಆವರ್ತನ, ಅಂದರೆ ಸೈಡ್‌ಬ್ಯಾಂಡ್ ಹುಟ್ಟುತ್ತದೆ. ಬೆಳಕನ್ನು ವಿದ್ಯುತ್ತಾಗಿಸುವ ಡಿಟೆಕ್ಟರ್‌ನಲ್ಲಿ ಈ ಎರಡರ ಫಲ ಪರಸ್ಪರ ವಿರುದ್ಧವಾದ್ದರಿಂದ ಒಂದನ್ನೊಂದು ಅಳಿಸಿಹಾಕುತ್ತವೆ, ಏನೂ ಕೇಳಿಸುವುದಿಲ್ಲ. ಈಗ ಇದೇ ಬೆಳಕನ್ನು ಎರಡನೆಯ ಅರೆವಾಹಕ ಲೇಸರ್‌ನೊಳಗೆ ಹಾಯಿಸಿ. ಆ ಲೇಸರ್ ತನ್ನ ಸ್ವಂತ ಆವರ್ತನದ ಆಸುಪಾಸಿನ ಕಿರಿದಾದ ಜಾಗದಲ್ಲಿ ಬಿದ್ದದ್ದನ್ನು ಮಾತ್ರ ಬಲಪಡಿಸುತ್ತದೆ. ಅಲ್ಲಿ ಬಿದ್ದ ಸೈಡ್‌ಬ್ಯಾಂಡ್ ಬೆಳೆಯಿತು, ಜೋಡಿಯ ಸಮತೋಲ ತಪ್ಪಿತು, ಆ ಒಂದು ಆವರ್ತನ ಮಾತ್ರ ವಿದ್ಯುತ್ತಾಗಿ ಹೊರಬಂತು. ಎರಡು ಲೇಸರ್‌ಗಳ ಆವರ್ತನದ ವ್ಯತ್ಯಾಸ ಎಷ್ಟೋ, ಫಿಲ್ಟರ್ ಹೆಚ್ಚುಕಡಿಮೆ ಅಲ್ಲಿ ನಿಲ್ಲುತ್ತದೆ.

ಹಾಗಾಗಿ ಎರಡನೆಯ ಲೇಸರ್‌ನ ಉಷ್ಣತೆಯೇ ನಿಮ್ಮ ಗುಂಡಿ. ಒಂದೇ ಆವರ್ತನದ ಬೆಳಕು ಕೊಡುವ ಡಿಎಫ್‌ಬಿ ಎಂಬ ಅರೆವಾಹಕ ಲೇಸರ್ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.1 ನ್ಯಾನೊಮೀಟರ್, ಅಂದರೆ 12 ಗಿಗಾಹರ್ಟ್ಸ್‌ನಷ್ಟು ಸರಿಯುತ್ತದೆ. ತೊಡಕು ಇರುವುದೂ ಇಲ್ಲೇ. ಉಷ್ಣತೆ ಡಿಗ್ರಿಯ ನೂರನೇ ಒಂದು ಪಾಲು ಜಾರಿದರೆ ಫಿಲ್ಟರ್ 120 ಮೆಗಾಹರ್ಟ್ಸ್ ಜಾರಿತು. ಇಡೀ ಎಫ್‌ಎಂ ಬ್ಯಾಂಡ್‌ನ ಆರು ಪಟ್ಟು! ನಮ್ಮ ಕರಾವಳಿಯ ಸೆಕೆಯಲ್ಲಿ ತೆರೆದ ಲೇಸರ್ ಚಿಪ್ ಅನ್ನು ಅತಿಯಾಗಿ ತಂಪು ಮಾಡಿದರೆ ಅದರ ಮೇಲೆ ನೀರೂ ಕಟ್ಟುತ್ತದೆ. ಮುಚ್ಚಿದ ಪ್ಯಾಕೇಜ್‌ನ ಲೇಸರ್ ಬಳಸಲು ಮಗಳಿಗೆ ಹೇಳಿ. ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಫೈಬರ್‌ನ ತುದಿಗೆ ಕಣ್ಣಿಟ್ಟು ನೋಡಲೇಬಾರದು.

ರೇಡಾರ್‌ಗೂ, ಆಂಟೆನಾದಿಂದ ಫೈಬರ್‌ನಲ್ಲೇ ಸಂಕೇತ ಬರುವ ಕಡೆಗೂ ಇಂಥ ಫಿಲ್ಟರ್ ಒಪ್ಪುತ್ತದೆ. ಮನೆಯ ರೇಡಿಯೊಗೆ ಇದು ಬೇಡ. ದುಬಾರಿ, ಲೇಸರ್‌ನ ಗದ್ದಲವೂ ಸೇರಿಕೊಳ್ಳುತ್ತದೆ.

ಕೊನೆಯದಾಗಿ, ಲೇಸರ್‌ಗೆ ಕೊಡುವ ಕರೆಂಟ್ ಒಂದು ಮಿಲಿಆಂಪಿಯರ್ ಬದಲಾದರೂ ಆವರ್ತನ ನೂರಾರು ಮೆಗಾಹರ್ಟ್ಸ್ ಸರಿಯುತ್ತದೆ. ಸಪ್ಲೈಯಲ್ಲಿ ವಿದ್ಯುತ್ ಲೈನಿನ 50 ಹರ್ಟ್ಸ್ ಏರಿಳಿತ (ಹಮ್) ಉಳಿದರೆ ಫಿಲ್ಟರ್ ಅಲುಗಾಡುತ್ತಲೇ ಇರುತ್ತದೆ. ಹಮ್ ತೆಗೆಯುವುದರಲ್ಲಿ ನಿಮಗೆ ಮೂವತ್ತು ವರ್ಷದ ಅನುಭವವಿದೆ. ಆ ಸಪ್ಲೈಯನ್ನು ಮಗಳ ಜೊತೆ ಕುಳಿತು ನೀವೇ ಕಟ್ಟಿಕೊಡಿ.