ಮೀನುಗಾರರ ಕೇರಿಯ ಅಂಗನವಾಡಿಯಲ್ಲಿ ಹೆಚ್ಚು ಹಣವಿಲ್ಲದೆ ಕಲಿಕೆ ಸುಧಾರಿಸುವುದು ಹೇಗೆ?

ಕಾರವಾರದ ಕಡಲಂಚಿನ ಕೇರಿಯಾದರೆ ಮೊದಲು ಭಾಷೆಯತ್ತ ಗಮನ ಕೊಡಿ. ಮನೆಯಲ್ಲಿ ಕೊಂಕಣಿಯನ್ನಷ್ಟೇ ಕೇಳಿ ಬೆಳೆದ ಮೂರು ವರ್ಷದ ಮಗು ಕನ್ನಡದ ಎದುರು ಮೌನವಾಗುತ್ತದೆ. ಅದನ್ನು ದಡ್ಡತನವೆಂದು ತಿಳಿಯುವುದು ದೊಡ್ಡ ಅನ್ಯಾಯ. ಆರಂಭದ ತಿಂಗಳುಗಳಲ್ಲಿ ಹಾಡು, ಆಟ ಮನೆಮಾತಿನಲ್ಲೇ ನಡೆಯಲಿ, ಕನ್ನಡ ಜೊತೆಜೊತೆಗೆ ಬರಲಿ. ಕೇರಿಯ ಅಜ್ಜಿಯರನ್ನು ಕಥೆ ಹೇಳಲು ಕರೆಯಿರಿ. ಎಣಿಸಲು, ವಿಂಗಡಿಸಲು ದೊಡ್ಡ ಚಿಪ್ಪು, ತೆಂಗಿನ ಗರಟೆ ಸಾಕು. ಅಕ್ಷರ ತಿದ್ದಿಸುವ ಅವಸರ ಖಂಡಿತ ಬೇಡ.

ಇನ್ನು ಸಮಯದ ವಿಷಯ. ತಾಯಿ ನಸುಕಿನಲ್ಲೇ ಮೀನು ಮಾರಲು ಹೊರಟರೆ ಕೂಸನ್ನು ನೋಡಿಕೊಳ್ಳುವವಳು ಅಕ್ಕ. ಅವಳ ಶಾಲೆ ತಪ್ಪುತ್ತದೆ. ಇದನ್ನು ಅಂಗನವಾಡಿಯ ಉಸ್ತುವಾರಿ ನೋಡುವ ಬಾಲವಿಕಾಸ ಸಮಿತಿಯಲ್ಲಿ ಎತ್ತಿ. ಮೂರು ವರ್ಷದೊಳಗಿನ ಮಕ್ಕಳಿಗೆ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ಇದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಇಲ್ಲದಿದ್ದರೆ ಲಿಖಿತ ಬೇಡಿಕೆ ಸಲ್ಲಿಸಿ.